ಕೊಟ್ಟಿಗೆ ಅಟ್ಟದ ಗ್ಯಾಸ್ ಲೈಟು ಮತ್ತು ಮಳೆಗಾಲದ ಬಿರುಕು

ಅಜ್ಜನ ಕಾಲದ ಎರಡು ಹಿತ್ತಾಳೆ ಗ್ಯಾಸ್ ಲೈಟು, ಅಂದರೆ ಪಂಪು ಹೊಡೆದು ಚಿಮಣಿ ಎಣ್ಣೆಯಲ್ಲಿ (ಸೀಮೆಎಣ್ಣೆ) ಉರಿಸುವ ದೀಪ, ನಮ್ಮ ಮನೆಯಲ್ಲಿವೆ. ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟ ಹತ್ತುವ ಮೊದಲು ಸಿಗುವ ಊರು ನಮ್ಮದು. ಊರಲ್ಲಿ ಯಕ್ಷಗಾನದ ಆಟ ಇದ್ದರೆ, ಮದುವೆ ಇದ್ದರೆ ಈ ಲೈಟುಗಳೇ ಹೋಗುತ್ತಿದ್ದವಂತೆ. ಕರೆಂಟು ಬಂದಮೇಲೆ ಕೊಟ್ಟಿಗೆ ಅಟ್ಟ ಸೇರಿದವು. ಕೆಳಗೆ ದನ, ಮೇಲೆ ಒಣಹುಲ್ಲು, ಹುಲ್ಲಿನ ಮೂಲೆಯಲ್ಲಿ ಗೋಣಿಯೊಳಗೆ ಇವೆರಡು. ಹೆಚ್ಚುಕಡಿಮೆ 30 ಮಳೆಗಾಲ ಅಲ್ಲೇ ಇದ್ದವು.

ಈ ಸಲ ಶ್ರಾವಣದಲ್ಲಿ ಮನೆಯಲ್ಲೇ ಒಂದು ತಾಳಮದ್ದಳೆ (ವೇಷವಿಲ್ಲದೆ ಕೂತು ಅರ್ಥ ಹೇಳುವ ಯಕ್ಷಗಾನ) ಇಡುವುದು ಎಂದಾಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ ಅಲ್ವಾ. ಅಜ್ಜನ ಲೈಟಿನ ಬೆಳಕಲ್ಲೇ ಅರ್ಥ ಹೇಳಿಸಿದರೆ ಹೇಗೆ ಎಂದು ಆಯಿಯನ್ನು (ಅಮ್ಮನನ್ನು) ಕೇಳಿದೆ. ಆಯಿಗೆ ಖುಷಿಯಾಯಿತು. ಏಪ್ರಿಲ್ ಮೊದಲ ವಾರ ಗೋಣಿ ಕೆಳಗಿಳಿಸಿದೆ.

ಮೊದಲು ಬಿಚ್ಚುವ ಕೆಲಸ. ಮೇಲಿನ ಛತ್ರಿ, ಗಾಜು, ಒಳಗಿನ ಚೌಕಟ್ಟು ಸುಲಭವಾಗಿ ಬಂದವು. ಹಳೆ ಮ್ಯಾಂಟಲ್ಲಿನ (ಉರಿಯಲ್ಲಿ ಕಾದು ಬೆಳಕು ಕೊಡುವ ಬಲೆಯ ಚೀಲ) ಬೂದಿ ಇನ್ನೂ ಅಂಟಿಕೊಂಡಿತ್ತು. ಅದನ್ನು ಊದಿ ತೆಗೆಯಬೇಡಿ. ಹಳೆ ಮ್ಯಾಂಟಲ್ಲುಗಳಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ, ಆ ಪುಡಿ ಉಸಿರಿನಲ್ಲಿ ಒಳಗೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಸಮೇತ ಕವರಿಗೆ ಹಾಕಿ ಕಟ್ಟಿದೆ. ಪಂಪಿನ ಚರ್ಮದ ವಾಶರು ಒಣಗಿ ಹಪ್ಪಳದ ಹಾಗಾಗಿತ್ತು. ಪಂಪಿನ ತಳದಲ್ಲಿರುವ ವಾಲ್ವ್ ಮಾತ್ರ ಅಲ್ಲಾಡಲಿಲ್ಲ. ಅದಕ್ಕೆ ಉದ್ದ ಕತ್ತಿನ ಪಾನಾ ಬೇಕು. ಹಳೆ ಕಬ್ಬಿಣದ ಸಲಾಕೆಯ ತುದಿಯನ್ನು ಅರದಲ್ಲಿ ತಿಕ್ಕಿ ಒಂದು ಪಾನಾ ಮಾಡಿಕೊಂಡೆ. ಎರಡು ದಿನ ಎಣ್ಣೆ ಬಿಟ್ಟು, ಮೂರನೇ ದಿನ ತಿರುಗಿಸಿದಾಗ ಬಂತು.

ಟ್ಯಾಂಕುಗಳನ್ನು ಬಿಸಿನೀರು, ಅಂಟುವಾಳದಲ್ಲಿ ಮೂರು ಸಲ ತೊಳೆದು ಬಿಸಿಲಿಗಿಟ್ಟೆ. ಹೊರಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹಳದಿ ಬಣ್ಣ ಬಂದಮೇಲೆ ನೋಡಿದರೆ, ಎಣ್ಣೆ ಹಾಕುವ ಬಾಯಿಯ ಸುತ್ತ ಕೂದಲಿನಷ್ಟು ಸಣ್ಣ ಗೆರೆಗಳು. ಗೀರು ಬಿದ್ದಿದೆ ಎಂದುಕೊಂಡೆ. ಉಗುರು ಆಡಿಸಿದರೆ ಏನೂ ಸಿಗಲಿಲ್ಲ. ಆದರೂ ಅನುಮಾನ ಹೋಗಲಿಲ್ಲ.

ಇದಕ್ಕೊಂದು ಹಳೆ ಉಪಾಯ ಇದೆ. ಟ್ಯಾಂಕಿನ ಒಳಗೆ ಸ್ವಲ್ಪ ಚಿಮಣಿ ಎಣ್ಣೆ ಬಿಟ್ಟು, ಗೆರೆ ಇರುವ ಜಾಗ ನೆನೆಯುವ ಹಾಗೆ ಓರೆಯಾಗಿ ಇಡಬೇಕು. ಹೊರಗಿನಿಂದ ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ತೆಳ್ಳಗೆ ಬಳಿಯಬೇಕು. ಸ್ಪಿರಿಟ್ಟು ಆರಿದಮೇಲೆ ಬಿಳಿ ಪೊರೆ ಉಳಿಯುತ್ತದೆ. ಬರೀ ಗೀರಾದರೆ ಬಿಳಿ ಬಿಳಿಯಾಗೇ ಇರುತ್ತದೆ. ಬಿರುಕಾದರೆ ಎಣ್ಣೆ ಅದರೊಳಗೆ ನುಸುಳಿ ಬಂದು ಸುಣ್ಣದ ಮೇಲೆ ಒದ್ದೆ ಗೆರೆ ಬರೆಯುತ್ತದೆ. ನಾನು ಬಳಿದು ಚಹಾ ಕುಡಿದು ಬರುವಷ್ಟರಲ್ಲಿ ಮೂರು ಗೆರೆ ಮೂಡಿದ್ದವು. ಮೂರೂ ಬಾಯಿಯ ಕಾಲರಿನಿಂದ ಹೊರಟು, ಸೂರ್ಯನ ಕಿರಣದ ಹಾಗೆ ಹೊರಗೆ ಹೋಗಿದ್ದವು. ಉದ್ದದ್ದು 9 ಮಿ.ಮೀ. ಎರಡನೇ ಲೈಟಿನದು ಇನ್ನೂ ಕೆಟ್ಟದಾಗಿತ್ತು. ಒಂದು ಬಿರುಕು ಭುಜ ದಾಟಿ ಪಕ್ಕಕ್ಕೆ ಇಳಿದಿತ್ತು.

ನನಗೆ ಅರ್ಥವಾಗದ ವಿಷಯ ಒಂದೇ. ಬಿದ್ದಿಲ್ಲ, ಜಜ್ಜಿಲ್ಲ, ಗೋಣಿಯೊಳಗೆ ಸುಮ್ನೆ ಇದ್ದ ಹಿತ್ತಾಳೆ ಒಡೆದದ್ದು ಹೇಗೆ?

ಉತ್ತರ ಕೊಟ್ಟವನು ಶಿರಸಿಯಲ್ಲಿರುವ ನನ್ನ ಭಾವ. ಸೈನ್ಯದಲ್ಲಿ ಆರ್ಮರರ್ ಆಗಿದ್ದವನು, ಬಂದೂಕು ರಿಪೇರಿಯಲ್ಲೇ ಸರ್ವಿಸು ಮುಗಿಸಿ ಬಂದವನು. ಟ್ಯಾಂಕನ್ನು ಬೆಳಕಿಗೆ ಹಿಡಿದು ನೋಡಿ ಅವನು ಕೇಳಿದ ಮೊದಲ ಪ್ರಶ್ನೆ, "ಭಾವಾ, ಇದನ್ನ ಎಲ್ಲಿ ಇಟ್ಟಿದ್ರಿ?"

"ಕೊಟ್ಟಿಗೆ ಅಟ್ಟದ ಮೇಲೆ."

"ಹಂಗಾರೆ ಸರಿ. ಕುದುರೆ ಲಾಯದ ಕಥೆನೇ ಇದು."

ಆ ಕಥೆ ಹೀಗಿದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ಜಾಸ್ತಿ ಓಡಾಡುತ್ತಿರಲಿಲ್ಲ. ಮಳೆ ಮುಗಿಯುವ ತನಕ ಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಹೋದಮೇಲೆ ತೆಗೆದರೆ ಹಿತ್ತಾಳೆ ತೋಟೆಗಳಲ್ಲಿ, ಅಂದರೆ ಗುಂಡು ಮತ್ತು ಮದ್ದು ಕೂರುವ ಕೊಳವೆಗಳಲ್ಲಿ, ಬಿರುಕು! ಅದೂ ಎಲ್ಲೆಂದರಲ್ಲಿ ಅಲ್ಲ. ಗುಂಡನ್ನು ಹಿಡಿದುಕೊಳ್ಳಲಿ ಎಂದು ತೋಟೆಯ ಬಾಯನ್ನು ಒತ್ತಿ ಕಚ್ಚಿಸಿದ ಜಾಗದಲ್ಲೇ ಹೆಚ್ಚು. ಮಳೆಗಾಲದಲ್ಲಿ ಬರುತ್ತಿದ್ದದ್ದಕ್ಕೆ ಇಂಗ್ಲಿಷಿನಲ್ಲಿ ಸೀಸನ್ ಕ್ರ್ಯಾಕಿಂಗ್ ಎಂದೇ ಹೆಸರಾಯಿತು. ಕಾರಣ ಸರಿಯಾಗಿ ತಿಳಿದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ಹಿತ್ತಾಳೆಯೊಳಗೆ ಉಳಿದ ಸೆಳೆತ. ಇವೆರಡೂ ಸೇರಿದರೆ ಹಿತ್ತಾಳೆ ತಾನಾಗಿ ಸೀಳುತ್ತದೆ.

ಸೆಳೆತ ಎಂದರೆ ಏನೆಂದು ಭಾವ ಒಂದು ಸಣ್ಣ ಹಿತ್ತಾಳೆ ತಗಡು ಬಗ್ಗಿಸಿ ತೋರಿಸಿದ. ಹಿತ್ತಾಳೆಯನ್ನು ತಣ್ಣಗೇ ಬಗ್ಗಿಸಿದರೆ, ಎಳೆದರೆ, ಒತ್ತಿದರೆ ಅದು ಗಟ್ಟಿಯಾಗುತ್ತದೆ. ಬಗ್ಗಿದ ಮೇಲೂ ಒಳಗೊಳಗೆ ಹಿಂದಕ್ಕೆ ಹೋಗಲು ಎಳೆಯುತ್ತಲೇ ಇರುತ್ತದೆ. ತೋಟೆ ಮಾಡುವ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಬಟ್ಟಲಿನಂಥ ಬಿಲ್ಲೆಯಿಂದ ಶುರುಮಾಡಿ ಹಂತ ಹಂತವಾಗಿ ಉದ್ದಕ್ಕೆ ಎಳೆಯುತ್ತಾರೆ. ನಡುನಡುವೆ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಕೊನೆಗೆ ಬಾಯಿ ಮತ್ತು ಕತ್ತನ್ನು ಮಾತ್ರ ಇನ್ನೊಮ್ಮೆ ಕಾಯಿಸುತ್ತಾರೆ. ಮಿಲಿಟರಿ ತೋಟೆಯ ಕತ್ತಿನಲ್ಲಿ ಕಾಣುವ ನೀಲಿ-ಕಂದು ಛಾಯೆ ಆ ಶಾಖದ್ದು. ಅದನ್ನು ಪಾಲಿಶ್ ಮಾಡದೆ ಹಾಗೇ ಬಿಡುತ್ತಾರೆ. ಬುಡವನ್ನು ಮಾತ್ರ ಕಾಯಿಸುವುದಿಲ್ಲ, ಏಕೆಂದರೆ ಒತ್ತಡ ತಡೆಯಬೇಕಾದ್ದು ಆ ಗಟ್ಟಿ ಬುಡವೇ.

ನನ್ನ ಟ್ಯಾಂಕಿನಲ್ಲೂ ಅದೇ ಆಗಿತ್ತು. ಎಣ್ಣೆ ಹಾಕುವ ಬಾಯಿಗೆ ಒಂದು ದಪ್ಪ ಹಿತ್ತಾಳೆ ಕಾಲರ್ ಇದೆ. ಅದನ್ನು ತೂತಿನಲ್ಲಿ ಕೂರಿಸಿ, ಒಳಗಿನ ಅಂಚನ್ನು ಹೊರಕ್ಕೆ ಮಡಿಸಿ ಬಲವಾಗಿ ಒತ್ತಿದ್ದಾರೆ. ತೂತಿನ ಸುತ್ತಲಿನ ತಗಡು ಅಂದಿನಿಂದ ಬಿಗಿಯಾಗಿ ಎಳೆದುಕೊಂಡೇ ಇದೆ. ಕೆಳಗೆ ದನದ ಗಂಜಲ, ಮೇಲೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುವ ಕರಾವಳಿ ಮಳೆ. ಕುದುರೆ ಬದಲು ಆಕಳು, ಅಷ್ಟೇ.

ಕೇಳಿದ್ದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಎರಡನೇ ಲೈಟಿನ ಟ್ಯಾಂಕು ಹೇಗೂ ರಿಪೇರಿಗೆ ಆಗುವುದಿಲ್ಲ. ಅದರ ಪಕ್ಕದಿಂದ ಬೆರಳಗಲದ ಎರಡು ಪಟ್ಟಿ ಕತ್ತರಿಸಿದೆ. ಎರಡನ್ನೂ ಯು ಆಕಾರಕ್ಕೆ ಬಗ್ಗಿಸಿದೆ. ಒಂದನ್ನು ಓಟಿಜಿಯಲ್ಲಿ (ಕರೆಂಟಿನ ಓವನ್) 250 ಡಿಗ್ರಿಗೆ ಒಂದೂವರೆ ತಾಸು ಕಾಯಿಸಿದೆ. ಇನ್ನೊಂದನ್ನು ಹಾಗೇ ಬಿಟ್ಟೆ. ಉಪ್ಪಿನಕಾಯಿ ಭರಣಿಯ ತಳದಲ್ಲಿ ವಾರದ ಹಳೆ ಗಂಜಲ ಹಾಕಿ, ಅದಕ್ಕೆ ತಾಗದಂತೆ ಎರಡನ್ನೂ ದಾರದಲ್ಲಿ ತೂಗುಬಿಟ್ಟು ಮುಚ್ಚಿದೆ. ತೋಟದ ಮನೆಯ ಜಗಲಿ ಮೂಲೆಯಲ್ಲಿಟ್ಟೆ. ಐದನೇ ದಿನಕ್ಕೆ ಎರಡೂ ಕಪ್ಪಾದವು. ಹತ್ತನೇ ದಿನ ಅಲ್ಲಲ್ಲಿ ಗಾಢ ನೀಲಿ ಹನಿ ಕಂಡವು. ತಾಮ್ರ, ಅಮೋನಿಯಾ ಸೇರಿದರೆ ಬರುವ ಬಣ್ಣ ಅದು. ಹದಿನಾರನೇ ದಿನ ತೆಗೆದೆ. ಕಾಯಿಸದ ಪಟ್ಟಿಯ ಬೆನ್ನಿನಲ್ಲಿ, ಸರಿಯಾಗಿ ಬಗ್ಗಿದ ತಿರುವಿನಲ್ಲಿ, ಅಡ್ಡಕ್ಕೆ ನಾಲ್ಕು ಗೆರೆ. ಹೆಬ್ಬೆರಳಲ್ಲಿ ಒತ್ತಿದೆ. ಸಪ್ಪಳವೇ ಇಲ್ಲದೆ ಎರಡು ತುಂಡಾಯಿತು. ಕಾಯಿಸಿದ ಪಟ್ಟಿಯನ್ನು ತಿಕ್ಕಿದೆ, ಸುಣ್ಣದ ಪರೀಕ್ಷೆ ಮಾಡಿದೆ, ಒತ್ತಿದೆ. ಏನೂ ಆಗಿರಲಿಲ್ಲ. ಅವತ್ತೇ ರಿಪೇರಿಯ ದಾರಿ ತೀರ್ಮಾನವಾಯಿತು.

ರಿಪೇರಿ ಮಾಡಲೇಬೇಕಾ ಎಂದು ಯಾರಾದರೂ ಕೇಳಬಹುದು. ಇದು ಒತ್ತಡದಲ್ಲಿ ಎಣ್ಣೆ ತುಂಬಿಡುವ ಪಾತ್ರೆ. ಬಿರುಕು ಒಂದು ಇಂಚು ದಾಟಿದ್ದರೆ, ಅಥವಾ ಪಕ್ಕಕ್ಕೆ, ಬುಡಕ್ಕೆ ಹೋಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಎರಡನೇ ಟ್ಯಾಂಕನ್ನು ಬಿಟ್ಟದ್ದು ಅದಕ್ಕೇ. ಮೊದಲನೆಯದರಲ್ಲಿ ಮೂರೂ ಬಿರುಕು ಕಾಲರಿನ ಸುತ್ತಲೇ ಇದ್ದವು. ಒಳಗಿನಿಂದ ಒಂದು ದೊಡ್ಡ ಬಳೆಯಂಥ ತಗಡು ಕೊಟ್ಟರೆ ಮೂರನ್ನೂ ಒಟ್ಟಿಗೆ ಮುಚ್ಚಬಹುದಿತ್ತು.

ಒಳಗೆ ಕೈ ಹೋಗಬೇಕೆಂದರೆ ತಳ ಬಿಚ್ಚಬೇಕು. ಎಷ್ಟೇ ತೊಳೆದರೂ ಚಿಮಣಿ ಎಣ್ಣೆಯ ವಾಸನೆ ಮೂಲೆಯಲ್ಲಿ ಉಳಿದಿರುತ್ತದೆ. ಖಾಲಿ ಟ್ಯಾಂಕಿಗೆ ಬೆಂಕಿ ತಾಗಿಸಿದರೆ ಆ ಆವಿಯೇ ಸಿಡಿಯುತ್ತದೆ. ಹಾಗಾಗಿ ಇನ್ನೆರಡು ಸಲ ಬಿಸಿನೀರಲ್ಲಿ ತೊಳೆದು, ಎರಡು ದಿನ ಏಪ್ರಿಲ್ ಬಿಸಿಲಲ್ಲಿ ಬಾಯಿ ತೆರೆದಿಟ್ಟು, ಕೊನೆಗೆ ಟ್ಯಾಂಕು ತಲೆಕೆಳಗೆ ಮಾಡಿ ತಳದ ಹತ್ತಿರದವರೆಗೂ ನೀರು ತುಂಬಿ ಕೆಲಸಕ್ಕೆ ಕೂತೆ. ಅಂಗಳದಲ್ಲಿ, ಮನೆಯಿಂದ ದೂರ. ತಳವನ್ನು ಬೆಸುಗೆಯಲ್ಲಿ ಮಾತ್ರ ಕೂರಿಸಿದ್ದರು. ಸಣ್ಣ ಟಾರ್ಚಿನಲ್ಲಿ ಸುತ್ತ ಶಾಖ ಕೊಟ್ಟು ಚಾಕುವಿನ ಬೆನ್ನಲ್ಲಿ ಎಬ್ಬಿಸಿದೆ. ಕೆಳಗಿನ ನೀರು ಶಾಖ ಕುಡಿಯುವುದರಿಂದ ಹೊತ್ತು ಹಿಡಿಯಿತು, ಆದರೆ ಭಯವಿಲ್ಲದೆ ಮಾಡಬಹುದು.

ಕಾಲರ್ ತೆಗೆಯುವಾಗ ಭಾವನ ಅನುಭವ ಕೆಲಸಕ್ಕೆ ಬಂತು. ನಾನು ಉಳಿ ಇಟ್ಟು ಹೊಡೆಯಲು ಹೊರಟಿದ್ದೆ. ಅವನು ತಡೆದ. ಮಿಲಿಟರಿ ತೋಟೆಯ ಬುಡದಲ್ಲಿ ಒಂದು ಸಣ್ಣ ಕ್ಯಾಪು ಇರುತ್ತದೆ, ಸಿಡಿಸುವ ಮದ್ದು ಇರುವುದು ಅದರಲ್ಲಿ. ಮೆಷಿನ್‌ಗನ್ನಿನ ಹೊಡೆತಕ್ಕೆ ಅದು ಸಡಿಲಾಗಿ ಹಿಂದೆ ಬರಬಾರದೆಂದು ಸುತ್ತಲಿನ ಹಿತ್ತಾಳೆಯನ್ನು ಒತ್ತಿ ಕಚ್ಚಿಸಿರುತ್ತಾರೆ. ಕಾನೂನು ಒಪ್ಪುವ ದೇಶಗಳಲ್ಲಿ ಖಾಲಿ ತೋಟೆಯನ್ನು ಮತ್ತೆ ಬಳಸುವವರಿಗೆ ಈ ಅಂಚೇ ತಲೆನೋವು. ಅದು ಇದ್ದಹಾಗೇ ಹೊಸ ಕ್ಯಾಪು ಒತ್ತಿದರೆ ಕ್ಯಾಪು ಜಜ್ಜುತ್ತದೆ, ಓರೆಯಾಗುತ್ತದೆ. ಅದಕ್ಕೇ ಮೊದಲು ಆ ಅಂಚನ್ನು ಕೊರೆದು ತೆಗೆಯುತ್ತಾರೆ, ಇಲ್ಲವೇ ಗಟ್ಟಿ ಉಕ್ಕಿನ ಮೊಳೆಯಂಥದ್ದನ್ನು ಒತ್ತಿ ಅಂಚನ್ನು ಹಿಂದಕ್ಕೆ ತಳ್ಳುತ್ತಾರೆ. ಕೊರೆಯುವವರು ಕಚ್ಚಿದ ಅಂಚಿನಷ್ಟನ್ನೇ ತೆಗೆಯಬೇಕು. ಒಂದೆಳೆ ಜಾಸ್ತಿ ಹೋದರೆ ಕ್ಯಾಪು ಕೂರುವ ಗುಂಡಿಯೇ ಸಡಿಲ.

"ನಿಂದೂ ಅದೇ ಕೆಲಸ ಭಾವಾ. ಹೊಡಿಯಡ, ಕೊರಿ" ಎಂದ. ಡ್ರಿಲ್ಲಿಗೆ ಹಾಕುವ, ತೂತಿನ ಬಾಯಿಯನ್ನು ಓರೆಯಾಗಿ ಕೊರೆಯುವ ಕೌಂಟರ್‌ಸಿಂಕ್ ಬಿಟ್ಟನ್ನು ಕೈಯಲ್ಲೇ ಹಿಡಿದು, ಕಾಲರಿನ ಮಡಿಸಿದ ಅಂಚಿನ ಮೇಲೆ ತಿರುಗಿಸುತ್ತಾ ಹೋದೆ. ಮೊದಲು ಕಪ್ಪು ಪುಡಿ, ಆಮೇಲೆ ಬೆಸುಗೆಯ ಬೂದು ಎಳೆ, ಆಮೇಲೆ ಹಳದಿ ಸುರುಳಿ. ಹಳದಿ ಸುರುಳಿ ಬಳೆಯಂತೆ ಪೂರ್ತಿ ಒಂದು ಸುತ್ತು ಬಂದಾಗ ನಿಲ್ಲಿಸಿದೆ. ಸ್ವಲ್ಪ ಬಿಸಿ ಮಾಡಿ ಎಳೆದರೆ ಕಾಲರ್ ಕೈಗೆ ಬಂತು. ತೂತಿನ ಅಂಚು ಒಂದು ಚೂರೂ ಹಾಳಾಗಿರಲಿಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಸಂತೋಷ ಕೊಟ್ಟ ಗಳಿಗೆ ಅದು.

ಬಿರುಕಿನ ತುದಿಗಳಿಗೆ 1 ಮಿ.ಮೀ. ತೂತು ಹಾಕಿದೆ. ಚೂಪು ತುದಿ ಇದ್ದರೆ ಬಿರುಕು ಮುಂದೆ ಓಡುತ್ತದೆ, ದುಂಡು ತೂತು ಸಿಕ್ಕಿದರೆ ನಿಲ್ಲುತ್ತದೆ. ಒಳಗಿನ ಬಳೆಯನ್ನು ಎರಡನೇ ಟ್ಯಾಂಕಿನ ತಗಡಿನಲ್ಲೇ ಕತ್ತರಿಸಿದೆ, ಅಗಲ 60 ಮಿ.ಮೀ. ಅದು ಭುಜದ ಬಾಗಿಗೆ ಒಪ್ಪಬೇಕಲ್ಲ, ಅದಕ್ಕೆ ಪೂರ್ತಿ ಮೆತ್ತಗೆ ಮಾಡಬೇಕು. ಸಂಜೆ ಕತ್ತಲಾದ ಮೇಲೆ ಟಾರ್ಚು ಹಿಡಿದು, ಮಬ್ಬು ಕೆಂಪು ಕಂಡ ಕೂಡಲೇ ತೆಗೆದು ನೀರಿಗೆ ಹಾಕಿದೆ. ಹಗಲಲ್ಲಿ ಮಾಡಿದರೆ ಆ ಕೆಂಪು ಕಾಣುವುದೇ ಇಲ್ಲ, ಗೊತ್ತಾಗದೆ ಜಾಸ್ತಿ ಕಾಯಿಸಿಬಿಡುತ್ತೀರಿ. ಕಬ್ಬಿಣದ ಕತ್ತಿಯನ್ನು ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ. ಹಿತ್ತಾಳೆ ಅದ್ದಿದರೂ ಮೆತ್ತಗೇ ಇರುತ್ತದೆ. ಮರದ ಕೊಡತಿಯಲ್ಲಿ ತಟ್ಟಿ ಬಾಗು ಕೂರಿಸಿದೆ. ಕಾಲರನ್ನು ಬಳೆಯ ಸಮೇತ ಮತ್ತೆ ಕೂರಿಸಿ, ಉಳಿದ ಅಂಚನ್ನು ಹಗುರಾಗಿ ಮಡಿಸಿದೆ.

ಇಲ್ಲಿ ಕ್ರಮ ಮುಖ್ಯ. ಬಗ್ಗಿಸುವುದು, ತಟ್ಟುವುದು, ಮಡಿಸುವುದು ಎಲ್ಲ ಮುಗಿದಮೇಲೆ ಟ್ಯಾಂಕನ್ನು ಕಾಯಿಸಬೇಕು. ಕಾಯಿಸಿದ ಮೇಲೆ ಬೆಸುಗೆ. 60 ಪಾಲು ತವರ, 40 ಪಾಲು ಸೀಸ ಇರುವ ಬೆಸುಗೆ ಸೀಸ 190 ಡಿಗ್ರಿಯ ಒಳಗೇ ಪೂರ್ತಿ ಕರಗುತ್ತದೆ. ಬೆಸುಗೆ ಮೊದಲು ಮಾಡಿ 250ಕ್ಕೆ ಇಟ್ಟರೆ ಎಲ್ಲ ಕಳಚಿ ಬೀಳುತ್ತದೆ. ಇನ್ನೊಂದು ಮಾತು. ಇಡೀ ಟ್ಯಾಂಕನ್ನು ಕೆಂಪಗೆ ಕಾಯಿಸಿದರೆ ಸೆಳೆತದ ಜೊತೆ ಗಟ್ಟಿತನವೂ ಹೋಗಿ, ಒತ್ತಡಕ್ಕೆ ಟ್ಯಾಂಕು ಉಬ್ಬಬಹುದು. 250 ಡಿಗ್ರಿಯಲ್ಲಿ ಸೆಳೆತ ಇಳಿಯುತ್ತದೆ, ಗಟ್ಟಿತನ ಉಳಿಯುತ್ತದೆ. ಎಣ್ಣೆ ವಾಸನೆ ಅಡಿಗೆಮನೆಗೆ ಬೇಡವೆಂದು ಓಟಿಜಿಯನ್ನು ಜಗಲಿಗೆ ತಂದೆ. ಹಳೆ ಓಟಿಜಿ, ಇನ್ನು ಅದರಲ್ಲಿ ತಿನ್ನುವ ವಸ್ತು ಮಾಡುವುದಿಲ್ಲ. ಒಳಗೊಂದು ಥರ್ಮಾಮೀಟರ್ ಇಟ್ಟೆ, ಗುಂಡಿಯ ಮೇಲಿನ ಅಂಕಿಯನ್ನು ನಂಬಲಿಲ್ಲ. ಎರಡು ತಾಸಿನ ಮೇಲೆ ಟ್ಯಾಂಕು ತೆಳು ಕಂದು ಬಣ್ಣಕ್ಕೆ ತಿರುಗಿತ್ತು. ಭಾವ ಅದನ್ನು ನೋಡಿ "ತೋಟೆ ಕತ್ತಿನ ಬಣ್ಣವೇ" ಎಂದ.

ಬೆಸುಗೆಗೆ ಮೊದಲು ನನ್ನ ಕೈಯಲ್ಲಿದ್ದದ್ದು ನವಸಾಗರ. ಕಲಾಯಿ ಹಾಕುವವರೆಲ್ಲ ಬಳಸುವುದು ಅದನ್ನೇ, ನಮ್ಮ ತಪ್ಪಲೆಗಳಿಗೆ ಬಿಳಿ ಹೊಗೆ ಏಳಿಸಿ ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಡಬ್ಬಿ ತೆರೆದಾಗ ನೆನಪಾಯಿತು, ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಯಾವುದರಿಂದ ಒಡೆಯಿತೋ ಅದನ್ನೇ ಬಿರುಕಿನೊಳಗೆ ತುಂಬುವುದೇ? ಡಬ್ಬಿ ಮುಚ್ಚಿದೆ. ರಾಳವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಅದನ್ನೇ ಬಳಸಿದೆ. ಸ್ವಲ್ಪ ನಿಧಾನ, ಆದರೆ ಒಳಗೆ ಏನೂ ಉಳಿದು ಕೊರೆಯುವುದಿಲ್ಲ.

ಮೊದಲ ಬೆಸುಗೆ ಕೆಟ್ಟಿತು. ಓಟಿಜಿಯ ಕಂದು ಪೊರೆಯನ್ನು ನಾನು ಸರಿಯಾಗಿ ತಿಕ್ಕಿರಲಿಲ್ಲ. ಆ ಪೊರೆಯ ಮೇಲೆ ಸೀಸ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಗುಂಡಾಗಿ ಉರುಳುತ್ತದೆ. ಎಲ್ಲ ತೆಗೆದು, ಬಳೆ ತಾಗುವ ಜಾಗವನ್ನೆಲ್ಲ ಎಮೆರಿಯಲ್ಲಿ ಹಸಿ ಹಳದಿ ಬರುವ ತನಕ ತಿಕ್ಕಿ, ಎರಡೂ ಕಡೆ ತೆಳುವಾಗಿ ಸೀಸ ಬಳಿದು, ಕೂರಿಸಿ, ಹೊರಗಿನಿಂದ ಶಾಖ ಕೊಟ್ಟೆ. ಈ ಸಲ ಬಿರುಕಿನ ಗೆರೆಯಲ್ಲಿ ಬೆಳ್ಳಿ ದಾರದಂತೆ ಸೀಸ ಹೊರಗೆ ಇಣುಕಿತು. ಮೂರರಲ್ಲೂ. ಕೊನೆಗೆ ತಳ.

ಮೊದಲ ಪರೀಕ್ಷೆ ಗಾಳಿಯಲ್ಲಿ ಮಾಡಬಾರದು. ಗಾಳಿಯನ್ನು ಒತ್ತಿ ತುಂಬಿಟ್ಟ ಪಾತ್ರೆ ಒಡೆದರೆ ಚೂರು ಹಾರುತ್ತದೆ. ನೀರು ಕುಗ್ಗುವುದಿಲ್ಲ, ಬಿಟ್ಟುಕೊಟ್ಟರೆ ಒಂದು ಚಿಮ್ಮು, ಅಲ್ಲಿಗೆ ಮುಗಿಯಿತು. ಪಂಪಿಗೆ ಹೊಸ ಚರ್ಮದ ವಾಶರು ಕತ್ತರಿಸಿ, ಕೊಬ್ಬರಿ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ ಹಾಕಿದ್ದೆ. ಟ್ಯಾಂಕಿನ ಕಂಠದವರೆಗೆ ನೀರು ತುಂಬಿ, ಗೇಜಿನ ಮುಳ್ಳು ಕೆಂಪು ಗೆರೆ ದಾಟುವ ತನಕ ಪಂಪು ಹೊಡೆದೆ. ನಾಲ್ಕೇ ಹೊಡೆತ ಸಾಕಾಯಿತು. ಅರ್ಧ ತಾಸು ಮುಳ್ಳು ಕದಲಲಿಲ್ಲ. ಮರುದಿನ ನೀರು ತೆಗೆದು, ಒಣಗಿಸಿ, ಬಕೆಟ್ಟಿನಲ್ಲಿ ಮುಳುಗಿಸಿ ಕಡಿಮೆ ಗಾಳಿಯಲ್ಲಿ ನೋಡಿದೆ. ಗುಳ್ಳೆ ಬರಲಿಲ್ಲ.

ಚಿಮಣಿ ಎಣ್ಣೆ ಹೊಂದಿಸುವುದು ಈಗ ಸುಲಭವಲ್ಲ, ಪರಿಚಯದ ದೋಣಿಯವರೊಬ್ಬರು ಎರಡು ಲೀಟರ್ ಕೊಟ್ಟರು. ಪೆಟ್ರೋಲು ಬೆರೆಸುವ ಯೋಚನೆಯನ್ನೂ ಮಾಡಬೇಡಿ. ಹೊಸ ನಿಪ್ಪಲ್, ಪಿನ್, ಮ್ಯಾಂಟಲ್ ಕುಮಟಾ ಪೇಟೆಯ ಹಳೆ ಅಂಗಡಿಯೊಂದರಲ್ಲಿ ಸಿಕ್ಕವು. ಮೊದಲ ಸಲ ಹಚ್ಚಿದ್ದು ಅಂಗಳದ ಮಧ್ಯೆ, ಪಕ್ಕದಲ್ಲಿ ಒದ್ದೆ ಗೋಣಿ ಮತ್ತು ಮರಳು. ಲೈಟನ್ನು ಮೊದಲು ಕಾಯಿಸುವ ಬಟ್ಟಲಲ್ಲಿ ಸ್ಪಿರಿಟ್ಟು ಉರಿದು ಮುಗಿಯುವಾಗ ಪಂಪು ಹೊಡೆದೆ. ಮ್ಯಾಂಟಲ್ ಮೊದಲು ಹಳದಿ, ಆಮೇಲೆ ಒಮ್ಮೆಲೇ ಬಿಳಿ. ಆ ಸುಂಯ್ ಎನ್ನುವ ಸದ್ದು ಕೇಳಿ ಆಯಿ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತರು. "ಮಾವಯ್ಯ ಆಟಕ್ಕೆ ಹೊರಡ ಹಂಗೇ ಕಾಣ್ತು" ಎಂದರು.

ತಾಳಮದ್ದಳೆಗೆ ಇನ್ನೂ ಮೂರು ವಾರ ಇದೆ. ಅಷ್ಟರಲ್ಲಿ ಪ್ರತಿ ಭಾನುವಾರ ಒಂದು ತಾಸು ಹಚ್ಚಿ, ಆರಿದಮೇಲೆ ಬಾಯಿಯ ಸುತ್ತ ಸುಣ್ಣ ಬಳಿದು ನೋಡುತ್ತಿದ್ದೇನೆ. ಎರಡು ಭಾನುವಾರ ಆಯಿತು, ಸುಣ್ಣ ಬಿಳಿಯಾಗೇ ಇದೆ. ಲೈಟು ಈಗ ನಡುಮನೆಯ ಗೂಟದಲ್ಲಿ ತೂಗುತ್ತಿದೆ. ಕೊಟ್ಟಿಗೆ ಅಟ್ಟದಲ್ಲಿದ್ದ ಹಿತ್ತಾಳೆ ಹಂಡೆ, ಕೊಳಗ, ದೀಪದ ಕಂಬ ಎಲ್ಲವನ್ನೂ ಮೊನ್ನೆ ಇಳಿಸಿ ಮನೆಯೊಳಗೆ ತಂದೆ. ಕಂಬದ ಕುತ್ತಿಗೆಯಲ್ಲಿ ಒಂದು ಗೆರೆ ಕಾಣುತ್ತಿದೆ, ನಾಳೆ ಸುಣ್ಣ ಬಳಿಯಬೇಕು.